ಮಗುವಿಗೊಂದು ಫೋನ್ ಬೇಡ, ತರಗತಿಗೆ ಎರಡು ಸಾಕು

ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿ 2024ರ ಜನವರಿಯಿಂದ ಹೈಸ್ಕೂಲು ತರಗತಿಗಳಲ್ಲಿ ಮೊಬೈಲ್ ಬಳಸುವಂತಿಲ್ಲ. ಅದೇ ವರ್ಷ ಪ್ರೈಮರಿಗೂ ಈ ನಿಯಮ ಬಂತು. ‘ಮನೆಯಲ್ಲಿರಲಿ, ಇಲ್ಲ ಲಾಕರಿನಲ್ಲಿರಲಿ’ ಎನ್ನುವುದು ಇಲ್ಲಿನ ಶಾಲೆಗಳ ಮಾತು. ಕರ್ನಾಟಕದಲ್ಲಿರುವ ನೆಂಟರಿಗೆ ಇದನ್ನು ಹೇಳಿದರೆ, ‘ಅಷ್ಟು ಮುಂದುವರಿದ ದೇಶದಲ್ಲಿ ಮೊಬೈಲ್ ಬೇಡ ಅಂತಾರಾ?’ ಎಂದು ಆಶ್ಚರ್ಯಪಡುತ್ತಾರೆ.

ಆದರೆ ಈ ನಿಯಮದಲ್ಲಿ ಒಂದು ಕಿಂಡಿ ಇದೆ. ಪಾಠಕ್ಕೆ ಬೇಕಾದರೆ ಟೀಚರು ಫೋನ್ ತೆಗೆಸಬಹುದು. (ಕಿವಿಯ ಮಷೀನನ್ನು ಫೋನಿಗೆ ಜೋಡಿಸಿಕೊಂಡ ಮಕ್ಕಳಿಗೂ ವಿನಾಯಿತಿ ಇದೆ, ಅದು ಇರಲೇಬೇಕು ಅಲ್ವಾ.) ನನಗೆ ಇಷ್ಟವಾದದ್ದು ಈ ಕಿಂಡಿಯೇ.

ನನ್ನ ಮಗಳ ತರಗತಿಯಲ್ಲಿ ಒಂದು ದಿನ ಎರಡೇ ಎರಡು ಫೋನ್ ಹೊರಗೆ ಬಂದವು. ಫೈಫಾಕ್ಸ್ ಅಂತ ಒಂದು ಆಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಕಿಲ್ಲ. ಶಬ್ದ ಕೇಳಿದರೆ ಶುರುವಾಗಿ, ಮತ್ತೆ ಶಬ್ದ ಕೇಳಿದರೆ ನಿಲ್ಲುವ ಗಡಿಯಾರ ಅದರಲ್ಲಿದೆ. ಫೋನ್‌ಗಳನ್ನು 5 ಮೀಟರ್ ದೂರದಲ್ಲಿಟ್ಟು, ಮೊದಲು ಈ ತುದಿಯಲ್ಲಿ ಒಬ್ಬಳು ಚಪ್ಪಾಳೆ ತಟ್ಟಿದಳು, ಆಮೇಲೆ ಆ ತುದಿಯಲ್ಲಿ ಇನ್ನೊಬ್ಬ. ಎರಡು ಗಡಿಯಾರಗಳ ನಡುವೆ ಸುಮಾರು 0.03 ಸೆಕೆಂಡ್ ವ್ಯತ್ಯಾಸ. ಮೊದಲ ಚಪ್ಪಾಳೆ ದೂರದ ಫೋನಿಗೆ ತಡವಾಗಿ ಕೇಳುತ್ತದೆ, ಎರಡನೆಯದು ಈ ತುದಿಯ ಫೋನಿಗೆ ತಡವಾಗಿ ಕೇಳುತ್ತದೆ, ಹೀಗೆ 5 ಮೀಟರಿನ ತಡ ಎರಡು ಸಲ ಸೇರಿ, ಶಬ್ದ 10 ಮೀಟರ್ ಹೋಗಲು ಬೇಕಾದ ಸಮಯ ಅದೇ. ಭಾಗಿಸಿದರೆ ಸೆಕೆಂಡಿಗೆ 340 ಮೀಟರಿನ ಆಸುಪಾಸು! ಪುಸ್ತಕದಲ್ಲಿದ್ದ ಸಂಖ್ಯೆಯನ್ನು ನಾವೇ ಹಿಡಿದೆವು ಅಂತ ಮಗಳು ಸಂಜೆಯಿಡೀ ಹೇಳುತ್ತಿದ್ದಳು. ಹದಿನೈದು ನಿಮಿಷದ ಕೆಲಸ, ಆಮೇಲೆ ಫೋನ್‌ಗಳು ವಾಪಸ್ ಲಾಕರಿಗೆ.

ಕರ್ನಾಟಕದಲ್ಲಿ ಮೊಬೈಲ್ ಪಾಠಕ್ಕೆ ಬಂದ ದಾರಿಯೇ ಬೇರೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅದು ಟೀಚರ ಜಾಗಕ್ಕೇ ಬಂದು ಕೂತಿತು. ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಅಂತ ಗುಂಪು ಮಾಡಬೇಕಾಯಿತು. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದು ಬೆಳಗ್ಗೆಯೇ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಟೀಚರುಗಳು ಮಕ್ಕಳಿದ್ದಲ್ಲಿಗೇ ಹೋಗಿ ಬಯಲಿನಲ್ಲಿ ಪಾಠ ಮಾಡಿದರು, ಆ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ಅಂದಿನಿಂದ ‘ಮೊಬೈಲಿನಲ್ಲಿ ಕಲಿಯುವುದು’ ಅಂದರೆ ವಿಡಿಯೊ ನೋಡುವುದು ಅನ್ನೋ ಅಭ್ಯಾಸ ಉಳಿದುಬಿಟ್ಟಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆಪ್‌ನಲ್ಲಿ ಪಾಠ ಸಿಗುತ್ತದೆ, ಒಳ್ಳೆಯದೇ. ಆದರೆ ಮಗು ಅಲ್ಲೂ ಸುಮ್ನೆ ಕೂತು ಕೇಳುತ್ತಿರುತ್ತದೆ.

ಹಾಗಾಗಿ ಮಕ್ಕಳಿಗೆಲ್ಲ ಟ್ಯಾಬ್ ಕೊಡಿ ಅನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ, ಶಾಲೆಗೆ ಫೋನೇ ಬೇಡ ಅನ್ನುವವರದ್ದೂ ಇಲ್ಲ. ಅಲುಗಾಟ, ಬೆಳಕು, ಶಬ್ದ, ಅಯಸ್ಕಾಂತದ ಶಕ್ತಿ, ಇಷ್ಟನ್ನೂ ಅಳೆಯುವ ಸಾಧನ ಟೀಚರ ಜೇಬಿನಲ್ಲೇ ಇರುವಾಗ, ಲ್ಯಾಬ್ ಇಲ್ಲ ಅಂತ ಪ್ರಯೋಗ ಬಿಡುವುದು ನನಗೆ ನಿಜಕ್ಕೂ ನೋವು ತರುತ್ತದೆ.

ನನ್ನ ಹತ್ತಿರ ಬಳಸದೆ ಬಿದ್ದಿರುವ ಎರಡು ಹಳೆ ಫೋನ್‌ಗಳಿವೆ. ಸಿಮ್ ತೆಗೆದು, ಆಪ್ ಹಾಕಿ, ಮುಂದಿನ ಸಲ ಬಂದಾಗ ನಾನು ಓದಿದ ಸರ್ಕಾರಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಕೊಡುತ್ತೇನೆ. ಅಳೆಯುವ ಟೇಪು ಅವರ ಹತ್ತಿರ ಇದ್ದೇ ಇರುತ್ತದೆ.