ಕಾಯಿಲೆ ಇನ್ನೂ ಇದೆಯೇ?

ವರ್ಷಕ್ಕೊಮ್ಮೆ ನಾನು ಸರತಿಯಲ್ಲಿ ನಿಂತು, ನನ್ನ ಕಾಯಿಲೆ ನನ್ನನ್ನು ಬಿಟ್ಟುಹೋಗಿಲ್ಲ ಎಂಬುದಕ್ಕೆ ಪ್ರಮಾಣಪತ್ರ ಕೊಡಬೇಕು. ನನಗಿರುವುದು ಟೈಪ್ 1 ಮಧುಮೇಹ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುತ್ತಿದ್ದ ಬೀಟಾ ಕೋಶಗಳನ್ನು ನನ್ನದೇ ರೋಗನಿರೋಧಕ ವ್ಯವಸ್ಥೆ ಹಗೆಗಳೆಂದು ಬಗೆದು ಮುಗಿಸಿಬಿಟ್ಟಿದೆ. ಹೋದವು ಹೋದವೇ. ಆದರೆ ಕಿಟಕಿಯಾಚೆಯ ಗುಮಾಸ್ತರು ಆಶಾವಾದಿ. ‘ಹೋದ ವರ್ಷದ ಪತ್ರ ನಡೆಯುವುದಿಲ್ಲ, ಈ ವರ್ಷ ಗುಣವಾಗಿರಬಹುದಲ್ಲ?’ ಎನ್ನುತ್ತಾರೆ. ವೈದ್ಯವಿಜ್ಞಾನದ ಮೇಲೆ ಅವರಿಗಿರುವ ಭರವಸೆ ನನ್ನ ವೈದ್ಯರಿಗೂ ಇಲ್ಲ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗನಿಗೆ ಮೊದಲ ಸಲ ಚುಚ್ಚಿದಾಗಿನಿಂದ ಇನ್ಸುಲಿನ್ ನಮ್ಮನ್ನು ಬದುಕಿಸುತ್ತಿದೆ, ಗುಣಪಡಿಸಿದ್ದಿಲ್ಲ. ಈ ಎರಡು ಕ್ರಿಯಾಪದಗಳ ವ್ಯತ್ಯಾಸ ಕಚೇರಿಗೆ ಇನ್ನೂ ತಲುಪಿಲ್ಲ. ನೂರು ವರ್ಷವಷ್ಟೇ ಆಗಿದೆ, ಟಪಾಲಿನಲ್ಲಿರಬಹುದು.

ನನ್ನದೇನೂ ದೊಡ್ಡ ಕಷ್ಟವಲ್ಲ ಬಿಡಿ. ಸಂಧಿವಾತವಿರುವ ಗೆಳತಿಯೊಬ್ಬಳಿಗೆ ವೈದ್ಯರು ಒಂದು ಔಷಧಿ ಬರೆದರು. ವಿಮೆಯವರು ಒಪ್ಪಲಿಲ್ಲ. ಮೊದಲು ಅಗ್ಗದ ಔಷಧಿ ತೆಗೆದುಕೊಳ್ಳಬೇಕು, ಅದು ಸೋಲಬೇಕು, ಆಮೇಲೆ ಎರಡನೆಯ ಅಗ್ಗದ್ದು, ಅದೂ ಸೋಲಬೇಕು. ಅಲ್ಲಿಯವರೆಗೆ ಬರೆದುಕೊಟ್ಟ ಔಷಧಿಗೆ ಅನುಮತಿಯಿಲ್ಲ. ಸಂಧಿವಾತದಲ್ಲಿ ಒಮ್ಮೆ ಸವೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ, ಮತ್ತು ಅದು ಅನುಮತಿಗಾಗಿ ಕಾಯುವುದೂ ಇಲ್ಲ. ಹತ್ತು ತಿಂಗಳ ನಂತರ ಕಡತದಲ್ಲಿ ‘ಔಷಧಿ ಸೋತಿದೆ’ ಎಂದು ಬರೆದುಕೊಂಡರು. ಸೋತದ್ದು ಅವಳ ಬೆರಳಿನ ಗೆಣ್ಣು.

ಇಂಥವನ್ನೆಲ್ಲ ಸರಿಪಡಿಸಲೆಂದೇ ದೀರ್ಘಕಾಲದ ಕಾಯಿಲೆಗಳ ನೀತಿಗೆ ಒಂದು ಸಮಿತಿಯಾಯಿತು. ನೀತಿ ‘ರೋಗಿಕೇಂದ್ರಿತ’ವಾಗಿರಬೇಕೆಂದು ರೋಗಿ ಪ್ರತಿನಿಧಿಗಳಿಗೂ ಎರಡು ಕುರ್ಚಿ ಹಾಕಿದರು. ಕೇಂದ್ರ ಎಂದರೆ ಏನೆಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ: ಎಲ್ಲರೂ ಸುತ್ತ ಕುಳಿತು ಮಾತನಾಡುವಾಗ ಸುಮ್ಮನೆ ನಡುವೆ ಇರುವುದು. ಉತ್ಸವಮೂರ್ತಿಯ ಹಾಗೆ.

ಇನ್ನೊಂದು ಕುರ್ಚಿ ಖಾಲಿಯಿತ್ತು. ಆ ಪ್ರತಿನಿಧಿಗೆ ಮೂತ್ರಪಿಂಡ ವೈಫಲ್ಯ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು ಡಯಾಲಿಸಿಸ್. ಸಮಿತಿ ಸಭೆ ಸೇರಿದ್ದು ಆ ಮೂರರಲ್ಲೇ ಒಂದು ದಿನ. ದಿನ ಬದಲಿಸಲಾದೀತೇ ಎಂದು ಅವರು ಪತ್ರ ಬರೆದರು. ಹದಿನಾಲ್ಕು ಸದಸ್ಯರ ಅನುಕೂಲ ನೋಡಬೇಕಾಗುತ್ತದೆ, ನೀವೇ ಡಯಾಲಿಸಿಸ್ ಸ್ವಲ್ಪ ಮುಂದೂಡಿಕೊಳ್ಳಬಾರದೇ ಎಂದು ಉತ್ತರ ಹೋಯಿತು. ಅವರು ಬರಲಿಲ್ಲ. ‘ರೋಗಿಗಳಲ್ಲಿ ಆಸಕ್ತಿಯ ಕೊರತೆ’ ಎಂದು ದಾಖಲಾಯಿತು.

ಅಧ್ಯಕ್ಷರು ಪ್ರಾಥಮಿಕ ಆರೋಗ್ಯದ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಅಲ್ಮಾ-ಅಟಾ ಘೋಷಣೆಯಿಂದಲೇ ಭಾಷಣ ಆರಂಭಿಸಿದರು. ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎನ್ನುತ್ತದೆ ಅದು. ಅಷ್ಟು ಹೇಳಿ, ಆಗಲೇ ಮುದ್ರಣವಾಗಿ ಬಂದಿದ್ದ ಅಂತಿಮ ನೀತಿಯ ಪ್ರತಿಗಳನ್ನು ಹಂಚಿದರು. ಏಳನೆಯ ಕಲಮು ಕಣ್ಣಿಗೆ ಬಿತ್ತು: ವಾರ್ಷಿಕ ಪ್ರಮಾಣಪತ್ರ ಇನ್ನು ಮುಂದೆ ಆರು ತಿಂಗಳಿಗೊಮ್ಮೆ. ಕೈ ಎತ್ತಿದೆ. ‘ನಿಮ್ಮ ಸರದಿ ಬರುತ್ತದೆ, ಆಗ ಅನುಭವ ಹಂಚಿಕೊಳ್ಳಿ’ ಎಂದರು. ತಜ್ಞರದು ಅಭಿಪ್ರಾಯ, ಅದಕ್ಕೆ ಗೌರವಧನವಿದೆ. ನಮ್ಮದು ಅನುಭವ, ಅದು ಪುಕ್ಕಟೆ. ಎರಡು ನಿಮಿಷ ಮೀರಬಾರದು, ಕಣ್ಣು ತುಂಬಿ ಬಂದರೆ ಅಡ್ಡಿಯಿಲ್ಲ.

ನನ್ನ ಸರದಿ ಬಂದಾಗ ಅನುಭವ ಬಿಟ್ಟು ಏಳನೆಯ ಕಲಮಿನ ಬಗ್ಗೆಯೇ ಕೇಳಿದೆ. ಅದು ತಾಂತ್ರಿಕ ವಿಷಯ ಎಂದರು. ತಾಂತ್ರಿಕವಾಗಿಯೇ ವಾದಿಸಿದೆ. ‘ಇಷ್ಟು ಚೆನ್ನಾಗಿ ಮಾತನಾಡುತ್ತೀರಿ, ನೀವು ಸಾಮಾನ್ಯ ರೋಗಿಯಲ್ಲ’ ಎಂದರು ಒಬ್ಬರು. ದನಿ ಏರಿಸಿದೆ. ‘ನೋಡಿ, ಭಾವುಕರಾದಿರಿ’ ಎಂದರು ಇನ್ನೊಬ್ಬರು. ಕೂತರೂ ತಪ್ಪು, ನಿಂತರೂ ತಪ್ಪು.

ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ 1969ರಲ್ಲಿ ಚಿತ್ರಿಸಿದವರು ಶೆರಿ ಆರ್ನ್‌ಸ್ಟೈನ್. ತೀರ ಕೆಳಗಿನ ಮೆಟ್ಟಿಲು, ಜನರನ್ನು ಬೇಕಾದಂತೆ ಆಡಿಸುವುದು. ಅದರ ಮೇಲಿನದಕ್ಕೆ ಅವರಿಟ್ಟ ಹೆಸರು ‘ಚಿಕಿತ್ಸೆ’: ವ್ಯವಸ್ಥೆಯ ದೋಷವನ್ನು ಬಿಟ್ಟು, ದೂರು ತಂದವರನ್ನೇ ತಿದ್ದುವುದು. ಅವರು ನಗರ ಯೋಜನೆಯ ಬಗ್ಗೆ ಬರೆದದ್ದು. ನಮ್ಮ ಸಮಿತಿಯನ್ನು ಕಂಡವರಲ್ಲ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಆರೋಗ್ಯ ಸಮ್ಮೇಳನದಲ್ಲಿ ಏಡ್ಸ್ ರೋಗಿಗಳು ತಾವಾಗಿಯೇ ವೇದಿಕೆ ಹತ್ತಿ, ನಮ್ಮನ್ನು ಬಲಿಪಶುಗಳೆನ್ನಬೇಡಿ, ನಿರ್ಧಾರದ ಪ್ರತಿ ಹಂತದಲ್ಲೂ ನಾವಿರಬೇಕು ಎಂದು ಓದಿ ಹೇಳಿದ್ದರು. ಅವರಿಗೆ ಯಾರೂ ಎರಡು ನಿಮಿಷ ಕೊಟ್ಟಿರಲಿಲ್ಲ, ಅದೇ ಒಳ್ಳೆಯದಾಯಿತೇನೋ.

ಮಧ್ಯಾಹ್ನ ಎರಡಾದರೂ ಸಭೆ ಮುಗಿಯಲಿಲ್ಲ. ಬೆನ್ನು ಬೆವರಿತು, ಕೈಯಲ್ಲಿದ್ದ ಪೆನ್ನು ತಾನಾಗಿ ನಡುಗತೊಡಗಿತು. ಮೇಜಿನ ಕೆಳಗೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದೆ: 58. ಎಪ್ಪತ್ತಕ್ಕಿಂತ ಇಳಿದರೆ ತಕ್ಷಣ ಹದಿನೈದು ಗ್ರಾಂನಷ್ಟು ಸಕ್ಕರೆ ತೆಗೆದುಕೊಂಡು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಗ್ಲೂಕೋಸ್ ಗುಳಿಗೆಯ ಪಟ್ಟಿ ಹರಿದು ಬಾಯಿಗೆ ಹಾಕಿಕೊಂಡೆ. ಆ ಸದ್ದಿಗೆ ಮಧುಮೇಹ ನೀತಿಯ ಕರಡು ಬರೆದ ಸದಸ್ಯರು ತಲೆ ಎತ್ತಿದರು. ‘ಸಕ್ಕರೆ ಕಾಯಿಲೆ ಅನ್ನುತ್ತೀರಿ, ಸಕ್ಕರೆಯನ್ನೇ ತಿನ್ನುತ್ತಿದ್ದೀರಲ್ಲ?’ ಎಂದು ಕನಿಕರದಿಂದ ಕೇಳಿದರು. ಉತ್ತರಿಸಲು ನನಗೆ ಇನ್ನೂ ಹನ್ನೆರಡು ನಿಮಿಷ ಬೇಕಿತ್ತು. ಅಷ್ಟರಲ್ಲಿ ಏಳನೆಯ ಕಲಮು ಪಾಸಾಯಿತು.

ಮೊನ್ನೆ ನಡಾವಳಿಯ ಪ್ರತಿ ಬಂತು. ಏಳನೆಯ ಕಲಮು ‘ರೋಗಿ ಪ್ರತಿನಿಧಿಯ ಸಮ್ಮುಖದಲ್ಲಿ ಸರ್ವಾನುಮತದಿಂದ’ ಅಂಗೀಕಾರವಾಗಿದೆಯಂತೆ. ನನ್ನ ಹೆಸರಿನ ಮುಂದೆ ಇರುವುದು ಒಂದೇ ಸಾಲು: ‘ಸಭೆಯ ವೇಳೆ ಸಿಹಿ ಸೇವಿಸಿದರು, ರೋಗಿ ಪ್ರತಿನಿಧಿಗಳಿಗೆ ಪಥ್ಯದ ಕುರಿತು ತಿಳಿವಳಿಕೆ ಶಿಬಿರ ಏರ್ಪಡಿಸಲು ಶಿಫಾರಸು ಮಾಡಲಾಯಿತು.’