ಫಳಫಳ ಹೊಳೆಯುತ್ತದೆ, ಅಳತೆಯೇ ಹೋಗಿದೆ

ಹಿತ್ತಾಳೆ ಹೊಳೆದರೆ ಸಾಮಾನು ಚೆನ್ನಾಗಿದೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ! ಮೂರು ದಿನದಿಂದ ನನ್ನ ಮೇಜಿನ ಮೇಲೆ ಒಂದು ಹಳೇ ಪೌಡರ್ ಮೆಷರ್ ಕೂತಿದೆ. ಕನ್ನಡಿ ಹಾಗೆ ಮಿನುಗುತ್ತಿದೆ. ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಗುಂಡು ಹಾರಿದ ಮೇಲೆ ಉಳಿಯುವ ಪಿಸ್ತೂಲಿನ ಖಾಲಿ ಕೇಸ್‌ಗಳನ್ನು ಮತ್ತೆ ತುಂಬುವವರಿಗೆ, ಅಂದರೆ ರೀಲೋಡಿಂಗ್ ಮಾಡುವವರಿಗೆ, ಇದೇನು ಅಂತ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಕೇಸಿಗೆ ಹಾಕುವ ಸಿಡಿಮದ್ದನ್ನು ಅಳೆದು ಕೊಡುವ ಸಾಧನ ಇದು. ಮೇಲೆ ಮದ್ದು ತುಂಬುವ ಹಾಪರ್. ಅದರ ಕೆಳಗೆ ಗಟ್ಟಿ ಲೋಹದ ಮೈ. ಮೈಯೊಳಗೆ ತಿರುಗುವ ಒಂದು ಉರುಳೆ, ಅದೇ ರೋಟರ್. ರೋಟರಿನಲ್ಲಿ ಒಂದು ಗುಳಿ. ಗುಳಿ ಮೇಲಕ್ಕೆ ಬಂದಾಗ ಮದ್ದು ತುಂಬಿಕೊಳ್ಳುತ್ತದೆ. ಹಿಡಿಕೆ ತಿರುಗಿಸಿದರೆ ಗುಳಿ ಕೆಳಕ್ಕೆ ಬರುತ್ತದೆ, ಅಷ್ಟೂ ಮದ್ದು ಕೆಳಗಿನ ಕೇಸಿಗೆ ಬೀಳುತ್ತದೆ. ದೊಡ್ಡ ಮೆಷರ್‌ಗಳಲ್ಲಿ ಸ್ಕ್ರೂ ತಿರುಗಿಸಿ ಗುಳಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಪಿಸ್ತೂಲಿಗಂತಲೇ ಮಾಡಿದ ಸಣ್ಣ ಮೆಷರ್‌ಗಳಲ್ಲಿ ಎಷ್ಟೋ ಸಲ ಅದೂ ಇರುವುದಿಲ್ಲ. ಒಂದು ರೋಟರಿಗೆ ಒಂದೇ ಅಳತೆ. ಬೇರೆ ಅಳತೆ ಬೇಕಾದರೆ ಬೇರೆ ರೋಟರ್ ಹಾಕಬೇಕು. ಯಾವುದು ಯಾವುದು ಅಂತ ತಿಳಿಯಲಿ ಅಂತಲೇ ರೋಟರಿನ ಮುಖದ ಮೇಲೆ ಗುರುತು ಒತ್ತಿರುತ್ತಾರೆ.

ನನಗೆ ಈ ಸಣ್ಣ ಮೆಷರ್‌ಗಳೆಂದರೆ ಜೀವ. ಸ್ಕ್ರೂ ಇಲ್ಲ, ಹಾಗಾಗಿ ಸ್ಕ್ರೂ ಸಡಿಲವಾಗಿ ಅಳತೆ ಜಾರುವ ಭಯವೂ ಇಲ್ಲ. ಒಂದು ಗುಳಿ, ಒಂದು ಅಳತೆ, ನೂರು ಸಲ ತಿರುಗಿಸಿದರೂ ಅದೇ. ಎರಡು ವರ್ಷ ಹುಡುಕಿದ ಮೇಲೆ ಒಂದು ಸಿಕ್ಕಿತು. ಮಾರುವವರು ಬರೆದದ್ದು ಮೂರೇ ಮಾತು. ಪೂರ್ತಿ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ, ಹೊಸದರ ಹಾಗೆ ಮಾಡಿದ್ದೇವೆ. ಆ ಮೂರನೇ ಮಾತು ಓದಿದಾಗಲೇ ನಾನು ಎಚ್ಚರ ಆಗಬೇಕಿತ್ತು.

ಪೆಟ್ಟಿಗೆ ಬಿಚ್ಚಿದೆ. ರೋಟರ್ ಹೊರಗೆ ತೆಗೆದೆ. ಮುಖದ ಮೇಲೆ ನಂಬರ್ ಇಲ್ಲ! ಬಫಿಂಗ್ ಚಕ್ರಕ್ಕೆ ಹಿಡಿದು ಉಜ್ಜಿ ಉಜ್ಜಿ ತೆಗೆದುಬಿಟ್ಟಿದ್ದಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಅಂಕಿಯ ಬಾಲದ ಹಾಗೆ ಏನೋ ಕಾಣುತ್ತದೆ. 3 ಇರಬಹುದು, 8 ಇರಬಹುದು, 9 ಕೂಡ ಇರಬಹುದು. ಯಾರೋ ಒಬ್ಬ ಕೆಲಸಗಾರ ಅಷ್ಟು ಅಚ್ಚುಕಟ್ಟಾಗಿ ಕೊರೆದು, ಅಳೆದು, ಗುರುತು ಒತ್ತಿ ಕಳಿಸಿದ್ದ ವಸ್ತು. ಅದರ ಹೆಸರನ್ನೇ ಅಳಿಸಿ ಹಾಕಿದ್ದಾರೆ.

ಅಷ್ಟಕ್ಕೇ ಬಿಟ್ಟಿದ್ದರೆ ತಕ್ಕಡಿ ಇಟ್ಟು ಹೊಸದಾಗಿ ಅಳತೆ ಕಂಡುಕೊಳ್ಳಬಹುದಿತ್ತು. ಗುಳಿಯ ಒಳಗೂ ಕೈ ಹಾಕಿದ್ದಾರೆ. ಕಲೆ ಹೋಗಲಿ ಅಂತ ಡ್ರಿಲ್ಲಿಗೆ ಏನೋ ಸಿಕ್ಕಿಸಿ ಒಳಗೆಲ್ಲ ತಿರುಗಿಸಿದ್ದಾರೆ. ಅಂಚು ದುಂಡಗಾಗಿದೆ. ರೋಟರಿನ ಸುತ್ತಲೂ ಉಜ್ಜಿದ್ದಾರೆ, ಮೈಯ ಒಳಗೂ ಉಜ್ಜಿದ್ದಾರೆ. ಈಗ ರೋಟರ್ ಮೈಯೊಳಗೆ ಲಟಪಟ ಅಲ್ಲಾಡುತ್ತದೆ. ಹಾಪರಿಗೆ ಸ್ವಲ್ಪ ಮದ್ದು ಹಾಕಿ ಸುಮ್ನೆ ಬಿಟ್ಟೆ. ಹಿಡಿಕೆ ಮುಟ್ಟಲೇ ಇಲ್ಲ. ಒಂದೊಂದೇ ಕಾಳು ಕೆಳಗೆ ಉದುರಲು ಶುರುವಾಯಿತು.

ಈ ಮೆಷರ್‌ಗಳಲ್ಲಿ ರೋಟರಿಗೂ ಮೈಗೂ ನಡುವಿನ ಸಂದು ಕೂದಲಿಗಿಂತ ಸಣ್ಣದಿರಬೇಕು. ಪಿಸ್ತೂಲಿನ ಮದ್ದು ಸಣ್ಣ ಸಣ್ಣ ಬಿಲ್ಲೆ ಅಥವಾ ನುಣ್ಣನೆ ಉಂಡೆಗಳ ಹಾಗೆ ಇರುತ್ತದೆ. ಸಂದು ದೊಡ್ಡದಾದರೆ ಅದು ಒಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸೋರಿ ಹೋಗುತ್ತದೆ. ಎರಡೂ ಕೆಟ್ಟದ್ದೇ.

ಆದರೂ ಕೂತು ತೂಗಿದೆ. ಹತ್ತು ಸಲ ತಿರುಗಿಸಿ, ಪ್ರತಿ ಸಲವೂ ಬೇರೆ ಬೇರೆ ತೂಗಿ ಬರೆದುಕೊಂಡೆ. ಒಂದೇ ಗುಳಿಯ ಒಳ್ಳೆಯ ಮೆಷರ್, ಸರಾಗವಾಗಿ ಹರಿಯುವ ಮದ್ದು, ಒಂದೇ ಸಮನಾದ ಕೈ. ಇಷ್ಟಿದ್ದರೆ 0.1 ಗ್ರೇನ್ ಆಚೀಚೆ ಬರುತ್ತದೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಒಂದು ಪೌಂಡಿಗೆ 7000 ಗ್ರೇನ್. ಅದರ ಹತ್ತನೇ ಒಂದು ಪಾಲಿನ ಮಾತು ನಾನು ಆಡುತ್ತಿರುವುದು. ಇದರಲ್ಲಿ ಬಂದ ವ್ಯತ್ಯಾಸ ಅರ್ಧ ಗ್ರೇನಿಗಿಂತ ಜಾಸ್ತಿ. ಮೂರು ಗ್ರೇನಿನ ಅಳತೆಯಲ್ಲಿ ಅರ್ಧ ಗ್ರೇನ್ ಅಂದರೆ ಆರರಲ್ಲಿ ಒಂದು ಪಾಲು. ರೈಫಲ್ಲಿನ ದೊಡ್ಡ ಕೇಸಿಗೆ ನಲವತ್ತು ಗ್ರೇನ್ ಹಾಕುವಾಗ ಅರ್ಧ ಗ್ರೇನ್ ಎಂಬತ್ತರಲ್ಲಿ ಒಂದು ಪಾಲು ಆಗುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ. ಹಾಕುವುದೇ ಚಿಟಿಕೆಯಷ್ಟು.

ಮದ್ದು ಕಡಿಮೆ ಬಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಗೊತ್ತಾಗದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳುತ್ತದೆ. ಜಾಸ್ತಿ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ? .38 ಸ್ಪೆಷಲ್ ಅನ್ನುವ ರಿವಾಲ್ವರ್ ಕೇಸ್, ಜಾಸ್ತಿ ಜಾಗ ಹಿಡಿಯುವ ಹಳೇ ಕಪ್ಪು ಮದ್ದಿನ ಕಾಲದ ಲೆಕ್ಕದಲ್ಲಿ ಆದದ್ದು. ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೆ ತಳ ಮುಚ್ಚುವಷ್ಟು ಮಾತ್ರ. ಎರಡು ಪಟ್ಟು ಬಿದ್ದರೂ ಕೇಸ್ ತುಂಬಿ ಚೆಲ್ಲುವುದಿಲ್ಲ. ಅದಕ್ಕೇ ಈ ಕೆಲಸ ಮಾಡುವವರು ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೇಸಿನೊಳಗೂ ದೀಪ ಹಿಡಿದು ನೋಡುತ್ತಾರೆ. ಆದರೆ ಅರ್ಧ ಗ್ರೇನಿನ ವ್ಯತ್ಯಾಸ ದೀಪ ಹಿಡಿದರೂ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮೆಷರ್ರೇ ಕಾಯಬೇಕು.

ಮಾರಿದವರಿಗೆ ಬರೆದೆ. ತೂಗಿದ ಲೆಕ್ಕ, ಫೋಟೋ ಎಲ್ಲ ಕಳಿಸಿದೆ. ಬಂದ ಉತ್ತರ ಇಷ್ಟು: "ಹಳೇದಲ್ವಾ ಸಾರ್, ಹಳೇದು ಅಂದ್ರೆ ಹಾಗೇ ಇರುತ್ತೆ. ನೋಡೋಕೆ ಎಷ್ಟು ಚೆನ್ನಾಗಿದೆ ನೋಡಿ."

ಹಳೇದರ ಮೇಲೆ ತಪ್ಪು ಹಾಕಿದ್ದು ನನಗೆ ಸಹಿಸಲು ಆಗಲಿಲ್ಲ. ಜಾನ್ ಬಾರ್ಲೋ ಅಮೆರಿಕದ ನ್ಯೂ ಹೇವನ್‌ನಲ್ಲಿ ರೀಲೋಡಿಂಗ್ ಸಾಮಾನು ಮಾಡುವ ಐಡಿಯಲ್ ಕಂಪನಿ ಶುರು ಮಾಡಿದ್ದು 1884ರಲ್ಲಿ. ಅದು ಕೈ ಬದಲಾಗುತ್ತಾ 1925ರಲ್ಲಿ ಲೈಮನ್ ಕಂಪನಿಯ ಪಾಲಾಯಿತು. ಆ ಐಡಿಯಲ್ ಹೆಸರು ಹೊತ್ತ ಮೆಷರ್‌ಗಳು ಇವತ್ತಿಗೂ ಮೇಜಿನ ಮೇಲೆ ಕೆಲಸ ಮಾಡುತ್ತಿವೆ. ಬಣ್ಣ ಹೋಗಿದೆ, ಹಿಡಿಕೆ ಸವೆದಿದೆ, ಮೈಯೆಲ್ಲ ಕಂದು. ಅಳತೆ ಮಾತ್ರ ಜಾಗ ಬಿಟ್ಟು ಅಲ್ಲಾಡಿಲ್ಲ. ಲೈಮನ್ 55 ಅನ್ನುವ ಮೆಷರ್ ನೋಡಿ. ಒಂದರೊಳಗೊಂದು ಸರಿಯುವ ಮೂರು ಸ್ಲೈಡ್, ಪಕ್ಕದಲ್ಲಿ ಟಕ್ ಅಂತ ತಟ್ಟಲು ಒಂದು ಸಣ್ಣ ಸುತ್ತಿಗೆಯಂಥದ್ದು. ಅಂಟಿಕೊಂಡ ಕೊನೆಯ ಕಾಳೂ ಕೆಳಗೆ ಬೀಳಲಿ ಅಂತ ಯೋಚನೆ ಮಾಡಿ ಇಟ್ಟದ್ದು. ವಯಸ್ಸಾದದ್ದಕ್ಕೆ ಇವು ಯಾವುವೂ ಕೆಡಲಿಲ್ಲ. ನನ್ನದು ಕೆಟ್ಟದ್ದು ಒಂದು ಮಧ್ಯಾಹ್ನದ ಬಫಿಂಗಿನಿಂದ.

ಇನ್ನೊಂದು ಹೊಟ್ಟೆ ಉರಿ ಇದೆ. ಪೆಟ್ಟಿಗೆಯಲ್ಲಿ ಒಂದು ಚಾರ್ಟ್ ಇಟ್ಟು ಕಳಿಸಿದ್ದರು. ಯಾವ ನಂಬರಿನ ರೋಟರ್ ಯಾವ ಮದ್ದನ್ನು ಎಷ್ಟು ಗ್ರೇನ್ ಹಾಕುತ್ತದೆ ಅಂತ ಬರೆದಿರುವ ಪಟ್ಟಿ. ಓದಿ ನೋಡಿದರೆ ಅದು ಬೇರೆ ಕಂಪನಿಯ ಮೆಷರಿನದ್ದು! ಒಬ್ಬರ 8ನೇ ನಂಬರ್ ರೋಟರಿಗೂ ಇನ್ನೊಬ್ಬರ 8ಕ್ಕೂ ಯಾವ ಸಂಬಂಧವೂ ಇಲ್ಲ. ನಂಬರ್ ಅಂದರೆ ತೂಕವೂ ಅಲ್ಲ. ಮೆಷರ್ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಅದೇ ಗುಳಿಗೆ ಬೇರೆ ಮದ್ದು ಹಾಕಿದರೆ ಬೇರೆ ತೂಕ. ಅದೇ ಮದ್ದಿನ ಬೇರೆ ಲಾಟ್ ಬಂದರೂ ತೂಕ ಸ್ವಲ್ಪ ಬದಲಾಗಬಹುದು. ಬುಲ್ಸ್‌ಐ ಅನ್ನುವ ಮದ್ದು 1898ರಿಂದ ಇದೆ. ಅದನ್ನು ಮಾಡುವ ಕಂಪನಿ ಮೊದಲು ಲ್ಯಾಫ್ಲಿನ್ ಆ್ಯಂಡ್ ರ‍್ಯಾಂಡ್, ಆಮೇಲೆ ಹರ್ಕ್ಯುಲಿಸ್, ಈಗ ಅಲಯಂಟ್. ಹೆಸರು ಒಂದೇ ಅಂತ ಅಜ್ಜನ ಕಾಲದ ಚಾರ್ಟ್ ನಂಬಿ ತೂಗದೆ ತುಂಬುವ ಹಾಗಿಲ್ಲ. ಸರಿಯಾದ ಚಾರ್ಟಿಗೇ ಈ ಮಾತು. ತಪ್ಪು ಚಾರ್ಟ್ ಕಳಿಸಿದವರಿಗೆ ಏನು ಹೇಳೋಣ? ಹೊಸದಾಗಿ ಕಲಿಯುತ್ತಿರುವವರ ಕೈಗೆ ಇದು ಹೋಗಿದ್ದರೆ? ಪೂರ್ತಿ ಇದೆ ಅಂತ ಕಾಣಿಸಲು ಯಾವುದೋ ಒಂದು ಕಾಗದ ತುರುಕಿದ್ದಾರೆ, ಅಷ್ಟೇ.

ಹಾಪರಿನ ತಳದಲ್ಲಿ ಹಳೇ ಮದ್ದೂ ಇತ್ತು. ಅಂಚಿಗೆ ಅಂಟಿದ ಹಸಿರು ಮಿಶ್ರಿತ ಕಪ್ಪು ಬಿಲ್ಲೆಗಳು. ಯಾವ ಮದ್ದು, ಯಾವ ಕಾಲದ್ದು, ಯಾರಿಗೆ ಗೊತ್ತು? ಹಾಪರಿನ ಪ್ಲಾಸ್ಟಿಕ್ ಹಳದಿಗಟ್ಟಿ, ಒಳಗೆಲ್ಲ ಮಂಜು ಕವಿದ ಹಾಗೆ ಆಗಿದೆ. ನೈಟ್ರೋಗ್ಲಿಸರಿನ್ ಇರುವ ಮದ್ದನ್ನು ದಿನಗಟ್ಟಲೆ ಹಾಪರಿನಲ್ಲೇ ಬಿಟ್ಟರೆ ಎಷ್ಟೋ ಪ್ಲಾಸ್ಟಿಕ್ಕನ್ನು ಅದು ತಿಂದುಹಾಕುತ್ತದೆ. ಕೆಲಸ ಮುಗಿದ ಕೂಡಲೇ ಮದ್ದನ್ನು ಅದರ ಡಬ್ಬಿಗೇ ವಾಪಸ್ ಸುರಿಯಬೇಕು ಅನ್ನುವುದು ಮೊದಲ ಪಾಠ. ಹೊರಗಿನ ಹಿತ್ತಾಳೆ ಉಜ್ಜಲು ಇವರಿಗೆ ಅಷ್ಟು ಹೊತ್ತಿತ್ತು. ಹಾಪರ್ ತಲೆಕೆಳಗೆ ಮಾಡಿ ನೋಡಲು ಒಂದು ನಿಮಿಷ ಇರಲಿಲ್ಲ. ಮೇಲಾಗಿ ರೋಟರಿಗೆ ಎಣ್ಣೆ ಬೇರೆ ಸವರಿದ್ದರು. ಎಣ್ಣೆ ಬಿದ್ದರೆ ಮದ್ದು ಗಂಟು ಕಟ್ಟುತ್ತದೆ, ಗುಳಿಯಲ್ಲೇ ಅಂಟಿ ಉಳಿಯುತ್ತದೆ. ಅಲ್ಲಿಗೆ ಹಾಕುವುದು ಒಣ ಗ್ರಾಫೈಟ್.

ಈ ಹೊಳಪಿನ ಹುಚ್ಚು ಒಂದು ಕಡೆ, ಸೆಟ್ ಒಡೆಯುವವರು ಇನ್ನೊಂದು ಕಡೆ. ಮೈ ಒಬ್ಬರಿಗೆ, ಹಾಪರ್ ಇನ್ನೊಬ್ಬರಿಗೆ, ರೋಟರ್‌ಗಳನ್ನು ಬಿಡಿಬಿಡಿಯಾಗಿ ಹತ್ತು ಜನಕ್ಕೆ. ಬೆಲ್ಡಿಂಗ್ ಆ್ಯಂಡ್ ಮಲ್ ಮೆಷರ್ ಎಷ್ಟು ಬುದ್ಧಿವಂತಿಕೆಯ ವಸ್ತು! ದೊಡ್ಡ ಹಾಪರಿನಿಂದ ಮದ್ದು ಮೊದಲು ಒಂದು ಸಣ್ಣ ಕೋಣೆಗೆ ಬರುತ್ತದೆ, ಅಲ್ಲಿಂದ ಕೈಯಲ್ಲಿ ಹಿಡಿದ ಅಳತೆ ಕೊಳವೆಗೆ. ಮೇಲೆ ಎಷ್ಟು ಮದ್ದಿದೆ ಅನ್ನುವುದು ಅಳತೆಯನ್ನು ಮುಟ್ಟುವುದೇ ಇಲ್ಲ. ಆ ಕೊಳವೆಯೇ ಇಲ್ಲದ ಮೆಷರನ್ನು ಪೂರ್ತಿ ಇದೆ ಅಂತ ಮಾರುವುದನ್ನು ನಾನೇ ನೋಡಿದ್ದೇನೆ. ಕೊಳವೆ ಇಲ್ಲದಿದ್ದರೆ ಅದು ಹಿಡಿಕೆ ಇರುವ ಒಂದು ಡಬ್ಬ.

ನನಗೆ ಕಲೆ ಇರಲಿ, ಪರವಾಗಿಲ್ಲ. ಹೊರಗಿನ ತುಕ್ಕು ಇರಲಿ, ಅದನ್ನು ನಾನೇ ನಿಧಾನವಾಗಿ ತೆಗೆದುಕೊಳ್ಳುತ್ತೇನೆ. ಮಾರುವವರು ಒಳಗೆ ಕೈ ಹಾಕದಿದ್ದರೆ ಸಾಕು. ರೋಟರಿನ ಮುಖ, ಗುಳಿ, ಮೈಯ ಒಳಭಾಗ, ಈ ಮೂರನ್ನು ಮುಟ್ಟಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ನಂಬರ್ ಇರುವ ಬದಿಯ ಫೋಟೋ ಹಾಕಿ. ಚಾರ್ಟ್ ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ.

ನನ್ನ ರೋಟರಿನ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು ಬೇರೆ ಡಬ್ಬಿಗೆ ಹಾಕಿದ್ದೇನೆ, ನಾಳೆ ಯಾರೂ ಗೊತ್ತಿಲ್ಲದೆ ಹಾಕಿಕೊಳ್ಳಬಾರದು ಅಂತ. ನಿನ್ನೆ ರಾತ್ರಿ ನೋಡಿದರೆ ಅದೇ ಮಾರಾಟಗಾರರು ಇನ್ನೊಂದು ಮೆಷರ್ ಮಾರಾಟಕ್ಕೆ ಹಾಕಿದ್ದಾರೆ. ಅದೇ ಮೂರು ಮಾತು, ಅದೇ ಕನ್ನಡಿ ಹೊಳಪು, ಜೊತೆಗೆ ಆರು ರೋಟರ್. ಆರೂ ರೋಟರಿನ ಮುಖ ಕೆಳಕ್ಕೆ ಮಾಡಿ ಫೋಟೋ ತೆಗೆದಿದ್ದಾರೆ. ತಿರುಗಿಸಿ ಇನ್ನೊಂದು ಫೋಟೋ ಹಾಕಿ ಅಂತ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.