ಹಿಂದಿನ ವಿಂಡೋಸ್‌ಗೆ ಮರಳಲು ಹತ್ತು ದಿನ ಸಾಲದು

ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಜಾತ್ರೆಯ ಭಿತ್ತಿಪತ್ರ, ಅಂಗಡಿಕಾರರ ಬಿಲ್ ಪುಸ್ತಕ ನಮ್ಮ ನಿತ್ಯದ ಕೆಲಸ. 2025ರ ನವೆಂಬರಿನಲ್ಲಿ ಅಲ್ಲಿನ ಎರಡು ಕಂಪ್ಯೂಟರುಗಳನ್ನು ವಿಂಡೋಸ್ 10ರಿಂದ 11ಕ್ಕೆ ಏರಿಸಿದೆವು. ತಿಂಗಳು ತುಂಬುವುದರೊಳಗೆ ಎರಡನ್ನೂ ಮತ್ತೆ 10ಕ್ಕೆ ಇಳಿಸಿದೆವು. ಒಂದು ಯಂತ್ರ ಒಂದು ತಾಸಿನೊಳಗೆ ಮರಳಿತು, ಇನ್ನೊಂದಕ್ಕೆ ಎರಡು ಹಗಲು, ಒಂದು ರಾತ್ರಿ ಹಿಡಿಯಿತು. ಏರಿಸಿದ ಮೇಲೆ ಹಿಂದಿನದಕ್ಕೆ ಸುಲಭವಾಗಿ ಮರಳಲು ವಿಂಡೋಸ್ ಕೊಡುವ ಅವಧಿ ಹತ್ತೇ ದಿನ. ಅಂದಿನಿಂದ ಈ ವಿಷಯ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ.

ಏರಿಸಿದ್ದಕ್ಕೆ ಕಾರಣವಿತ್ತು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಗಿರಾಕಿಗಳು ದಿನಕ್ಕೆ ಹತ್ತಾರು ಪೆನ್‌ಡ್ರೈವ್ ತಂದು ಚುಚ್ಚುವ ಅಂಗಡಿಯಲ್ಲಿ ಭದ್ರತೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದ್ದರಿಂದ ಏರಿಸುವ ನಿರ್ಧಾರ ತಪ್ಪೆಂದು ನಾನು ಇಂದಿಗೂ ಹೇಳುವುದಿಲ್ಲ. ತಪ್ಪಿದ್ದು ಕಾಲ ಮತ್ತು ಕ್ರಮ.

ಮೊದಲ ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇತ್ತು. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದೂ ಅಷ್ಟೇ ಎಂದು ಓದಿ ಧೈರ್ಯ ಮಾಡಿದ್ದೆವು. ಯಂತ್ರ ಚಾಲೂ ಆಗುವುದಕ್ಕೆ ಬೇಕಾದ ಕನಿಷ್ಠ ಬೇರೆ, ವಿನ್ಯಾಸ ಮಾಡುವ ಕೋರೆಲ್‌ಡ್ರಾದಲ್ಲಿ ನಾಲ್ಕು ಬಣ್ಣದ ಲಗ್ನಪತ್ರಿಕೆಯನ್ನು ತೆರೆದಿಟ್ಟು ಪಕ್ಕದಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ನಡೆಸುವುದಕ್ಕೆ ಬೇಕಾದ ಕನಿಷ್ಠ ಬೇರೆ ಎಂಬುದು ಒಂದು ವಾರದಲ್ಲಿ ತಿಳಿಯಿತು. ಎಂಟನೆಯ ದಿನ ನನ್ನ ಅಣ್ಣನ ಮಗ ಸೆಟ್ಟಿಂಗ್ಸ್ ತೆರೆದು, "ಕಾಕಾ, ಹಿಂದಿನದಕ್ಕ ಹೋಗೋ ದಾರಿ ಇದರೊಳಗ ಐತಿ, ಆದ್ರ ಇನ್ನ ಎರಡ ದಿನ ಅಷ್ಟ" ಎಂದ. ಸಿಸ್ಟಮ್ ವಿಭಾಗದ ರಿಕವರಿ ಎಂಬಲ್ಲಿ 'ಗೋ ಬ್ಯಾಕ್' ಎಂಬ ಗುಂಡಿ ಇತ್ತು. ಒತ್ತಿದೆವು. ಗಿರಾಕಿಗಳ ಕಡತಗಳೆಲ್ಲ ಇದ್ದಲ್ಲಿಯೇ ಉಳಿದವು. ಏರಿಸಿದ ನಂತರ ಹಾಕಿಕೊಂಡಿದ್ದ ಒಂದು ಪಿಡಿಎಫ್ ಪ್ರೋಗ್ರಾಂ ಮಾತ್ರ ಹೋಯಿತು, ಅದನ್ನು ಮತ್ತೆ ಹಾಕಿಕೊಂಡೆವು.

ಇದು ಸಾಧ್ಯವಾಗುವುದು ಹೇಗೆಂದರೆ, ಏರಿಸುವ ಹೊತ್ತಿಗೆ ಹಳೆಯ ವ್ಯವಸ್ಥೆಯನ್ನು ಅಳಿಸದೆ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಸರಿಸಿ ಇಟ್ಟಿರಲಾಗುತ್ತದೆ. ಹತ್ತು ದಿನ ಕಳೆದ ಮೇಲೆ ಅದು ತಾನಾಗಿಯೇ ಅಳಿದುಹೋಗುತ್ತದೆ. ಡಿಸ್ಕ್ ತುಂಬಿದೆಯೆಂದು ಯಾರಾದರೂ ಡಿಸ್ಕ್ ಕ್ಲೀನಪ್‌ನಲ್ಲಿ ಹಿಂದಿನ ವಿಂಡೋಸ್‌ನ ಕಡತಗಳಿಗೆ ಗುರುತು ಹಾಕಿ ತೆಗೆದರೆ ಹತ್ತು ದಿನವೂ ಉಳಿಯುವುದಿಲ್ಲ.

ಎರಡನೆಯ ಯಂತ್ರದ ಕಥೆ ಬೇರೆ. ನಮ್ಮಲ್ಲಿ ಬಹಳ ವರ್ಷಗಳ ಹಿಂದಿನ ಒಂದು ಪ್ರಿಂಟರ್ ಇದೆ. ಅದರ ಡ್ರೈವರ್, ಅಂದರೆ ಕಂಪ್ಯೂಟರು ಅದನ್ನು ನಡೆಸಲು ಬೇಕಾದ ಪ್ರೋಗ್ರಾಂ, 32 ಬಿಟ್ ಎಂಬ ಹಳೆಯ ಬಗೆಯದು ಮಾತ್ರ. ಅದಕ್ಕಾಗಿಯೇ ಆ ಯಂತ್ರದಲ್ಲಿ 32 ಬಿಟ್‌ನ ವಿಂಡೋಸ್ 10 ಇಟ್ಟಿದ್ದೆವು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿ ಇಲ್ಲವೇ ಇಲ್ಲ. 32 ಬಿಟ್‌ನಿಂದ 64 ಬಿಟ್ ಎಂಬ ಹೊಸ ಬಗೆಗೆ ನೇರವಾಗಿ ಏರುವುದಕ್ಕೂ ಬರುವುದಿಲ್ಲ. ಡಿಸ್ಕ್ ಅಳಿಸಿ ಹೊಸದಾಗಿ ಹಾಕಬೇಕು. ಹಾಗೆ ಹಾಕಿದ ಯಂತ್ರದಲ್ಲಿ ಮರಳುವ ಗುಂಡಿ ಮೊದಲ ದಿನವೂ ಇರಲಿಲ್ಲ. 64 ಬಿಟ್ ವಿಂಡೋಸ್ 32 ಬಿಟ್‌ನ ಸಾಮಾನ್ಯ ಪ್ರೋಗ್ರಾಂಗಳನ್ನು ನಡೆಸುತ್ತದೆ, ಆದರೆ 32 ಬಿಟ್‌ನ ಡ್ರೈವರನ್ನು ಒಪ್ಪಿಕೊಳ್ಳುವುದಿಲ್ಲ. ಈ ಭೇದವನ್ನು ಮೊದಲೇ ಅರಿತಿದ್ದರೆ ಆ ಯಂತ್ರವನ್ನು ನಾವು ಮುಟ್ಟುತ್ತಲೇ ಇರಲಿಲ್ಲ. ಪ್ರಿಂಟರ್ ಕೆಲಸ ಮಾಡದೆಂದು ಗೊತ್ತಾದದ್ದು ಮೂರನೆಯ ವಾರದಲ್ಲಿ, ಏಕೆಂದರೆ ಅದರ ಕೆಲಸ ಬರುವುದೇ ತಿಂಗಳಿಗೊಮ್ಮೆ.

ಮತ್ತೊಂದು ಯಂತ್ರದಲ್ಲಿ 8 ಜಿಬಿಯ ಪೆನ್‌ಡ್ರೈವನ್ನು ವಿಂಡೋಸ್ ಹಾಕಲು ತಯಾರಿಸಿಕೊಂಡು, ಈ ಯಂತ್ರಕ್ಕೆ 32 ಬಿಟ್‌ನ ವಿಂಡೋಸ್ 10 ಅನ್ನು ಮೊದಲಿನಿಂದ ಹಾಕಿದೆವು. ಅದೇ ಯಂತ್ರದಲ್ಲಿ ಹಿಂದೆ ಅಧಿಕೃತವಾಗಿ ಇದ್ದದ್ದರಿಂದ ಲೈಸೆನ್ಸ್ ತಾನಾಗಿ ಹೊಂದಿಕೊಂಡಿತು. ಗಿರಾಕಿಗಳ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಟ್ಟಿದ್ದೆವು, ಫಾಂಟುಗಳ ಪ್ರತಿಯನ್ನು ಇಟ್ಟಿರಲಿಲ್ಲ. ನಮ್ಮ ಹಳೆಯ ಕೆಲಸವೆಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿದೆ. ಅಲ್ಲಿ ಕನ್ನಡದ ಅಕ್ಷರ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ ಕುಳಿತಿರುತ್ತದೆ, ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಮುಂಡರಗಿ ಕಡೆಯ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದು ಕುಳಿತಿದ್ದರು. ಅವರ ಮನೆದೇವರ ಹೆಸರು, ಮನೆತನದ ಹಿರಿಯರ ಹೆಸರುಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿ ನಿಂತದ್ದನ್ನು ಅವರಿಗೆ ತೋರಿಸಬೇಕಾಗಿ ಬಂದಾಗ ನನಗೆ ಆದ ಸಂಕಟವನ್ನು ಮರೆಯಲಾರೆ. ಅವರು ಒಂದು ಮಾತೂ ಅನ್ನಲಿಲ್ಲ. ಮರುದಿನ ಮತ್ತೆ ಬಸ್ಸು ಹತ್ತಿ ಬಂದರು.

ಈಗ ನನ್ನ ಅಭಿಪ್ರಾಯ. ಹೊಸ ವ್ಯವಸ್ಥೆ ತನ್ನ ಕೆಲಸಕ್ಕೆ ಒದಗುತ್ತದೆಯೋ ಇಲ್ಲವೋ ಎಂದು ತಿಳಿಯಲು ದುಡಿಯುವವನಿಗೆ ಅವನ ಕೆಲಸದ ಒಂದು ಸುತ್ತಾದರೂ ಪೂರ್ಣವಾಗಬೇಕು. ಜಿಎಸ್‌ಟಿ ಲೆಕ್ಕ ಬಹಳ ಜನರಿಗೆ ತಿಂಗಳಿಗೊಮ್ಮೆ. ಶಾಲೆಗಳ ಪ್ರಶ್ನೆಪತ್ರಿಕೆ ಬರುವುದು ಪರೀಕ್ಷೆ ಹತ್ತಿರವಾದಾಗ. ಹತ್ತು ದಿನದಲ್ಲಿ ಇವುಗಳಲ್ಲಿ ಒಂದಾದರೂ ಬರುತ್ತದೆಂಬ ಭರವಸೆಯಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗ ಇದೇ ಅವಧಿ 30 ದಿನ ಇತ್ತು. 2016ರಲ್ಲಿ ಅದನ್ನು 10ಕ್ಕೆ ಇಳಿಸಲಾಯಿತು. ಹಳೆಯ ವ್ಯವಸ್ಥೆಯ ಪ್ರತಿ ಡಿಸ್ಕಿನಲ್ಲಿ ಹಲವು ಜಿಬಿ ಜಾಗ ಹಿಡಿಯುತ್ತದೆ ಎಂಬುದು ನಿಜವೇ. ಆದರೆ ಜಾಗ ಸಾಲದವರು ತಾವೇ ಅಳಿಸಿಕೊಳ್ಳಲಿ. ಎಷ್ಟು ದಿನ ಬೇಕೆಂದು ಏರಿಸುವ ಮೊದಲೇ ಎಲ್ಲರನ್ನೂ ಕೇಳಲಿ.

ಅವಧಿಯನ್ನು ಹಿಗ್ಗಿಸುವ ಉಪಾಯ ಇಲ್ಲದಿಲ್ಲ. ಏರಿಸಿದ ಹತ್ತು ದಿನಗಳ ಒಳಗೆ ಅಡ್ಮಿನಿಸ್ಟ್ರೇಟರ್ ಆಗಿ, ಆಜ್ಞೆಗಳನ್ನು ಬರೆದು ಕೊಡುವ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಐಎಸ್‌ಎಂ ಎಂಬ ಸಲಕರಣೆಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಆ ಅವಧಿ 60 ದಿನಗಳವರೆಗೆ ಹೋಗುತ್ತದೆ. ಇಷ್ಟು ಉಪಯುಕ್ತವಾದ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಕಣ್ಣಿಗೆ ಬೀಳುವಂತೆ ಇಡದೆ, ಆಜ್ಞೆ ಬರೆಯಬಲ್ಲವರಿಗೆ ಮಾತ್ರ ದಕ್ಕುವಂತೆ ಇಟ್ಟಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಮರಳಿದವರು ಹಳೆಯದರಲ್ಲಿ ನಿಶ್ಚಿಂತರಾಗಿ ಕೂರುವಂತಿಲ್ಲ ಎಂಬುದನ್ನೂ ಹೇಳಲೇಬೇಕು. ನಮ್ಮ 32 ಬಿಟ್ ಯಂತ್ರಕ್ಕೆ ಈಗ ಇಂಟರ್ನೆಟ್ ಇಲ್ಲ. ಗಿರಾಕಿಯ ಪೆನ್‌ಡ್ರೈವ್ ಮೊದಲು ಬೇರೆ ಯಂತ್ರದಲ್ಲಿ ತಪಾಸಣೆಯಾಗಿ, ಬೇಕಾದ ಕಡತ ಮಾತ್ರ ನಮ್ಮದೇ ಪೆನ್‌ಡ್ರೈವಿನಲ್ಲಿ ಅಲ್ಲಿಗೆ ಹೋಗುತ್ತದೆ. ಮೊದಲ ಯಂತ್ರವನ್ನು 2026ರ ಅಕ್ಟೋಬರ್ 13ರವರೆಗಿನ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಸಿದ್ದೇವೆ. ರ‍್ಯಾಮ್ 8 ಜಿಬಿಗೆ ಹೆಚ್ಚಿಸಿ, ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ, ಲಗ್ನಗಳಿಲ್ಲದ ಆಷಾಢದಲ್ಲಿ ಅದನ್ನು ಮತ್ತೆ 11ಕ್ಕೆ ಏರಿಸುವ ಯೋಚನೆಯಿದೆ. ಏರಿಸಿದ ದಿನವೇ 60 ದಿನದ ಆಜ್ಞೆಯನ್ನು ಕೊಟ್ಟರೆ, ಶ್ರಾವಣದಲ್ಲಿ ಲಗ್ನಪತ್ರಿಕೆಗಳ ಕೆಲಸ ಮತ್ತೆ ಬರುವಾಗಲೂ ಮರಳುವ ಗುಂಡಿ ಅಲ್ಲಿಯೇ ಇರುತ್ತದೆ.